ಬೊಲೋನ್ಯದಲ್ಲಿ ವ್ಯಾಸಂಗ: ನೋಟ ಮತ್ತು ಊಟ

ಯೂರೋಪಿಗೆ ಓದಲು ಹೋಗುವ ನಮ್ಮ ತರುಣರು ಸಾಮಾನ್ಯವಾಗಿ ಲಂಡನ್, ಪ್ಯಾರಿಸ್, ಬರ್ಲಿನ್ ನಗರಗಳ ಹೆಸರನ್ನೇ ಹೇಳುವರು. ನಾವು ಇಂದು ಶ್ರೋತೃಗಳ ಮುಂದಿಡಬೇಕೆಂದಿರುವುದು ಉತ್ತರ ಇಟಲಿಯ ಬೊಲೋನ್ಯ ಪಟ್ಟಣದ ವಿಚಾರ. ಆ ಪಟ್ಟಣಕ್ಕೆ ಇಟಲಿಯವರು ಮೂರು ಬಿರುದುಗಳನ್ನು ಕೊಟ್ಟಿದ್ದಾರೆ: ಪಂಡಿತೆ, ಸ್ಥೂಲಕಾಯೆ, ಕೆಂಪಿ. ಮೊದಲನೆಯದು ವಿದ್ಯೆಯಿಂದ ಬಂದುದು, ಎರಡನೆಯದು ಅಡುಗೆಯಿಂದ. ಮೂರನೆಯದಕ್ಕೆ ಅಲ್ಲಿನ ಹೆಂಚು, ಇಟ್ಟಿಗೆಗಳ ಬಣ್ಣವೇ ಸಾಕ್ಷಿ.

ಅಲ್ಲಿನ ವಿಶ್ವವಿದ್ಯಾನಿಲಯವು 1088ರಲ್ಲಿ ಹುಟ್ಟಿತೆಂಬುದು ಸಂಪ್ರದಾಯ. ಮೊದಲ ಶತಮಾನಗಳಲ್ಲಿ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ದೂರದ ನಾಡುಗಳಿಂದ ನ್ಯಾಯಶಾಸ್ತ್ರವನ್ನು ಓದಲು ಬಂದ ವಿದ್ಯಾರ್ಥಿಗಳು ತಾವೇ ಸಂಘ ಕಟ್ಟಿಕೊಂಡು, ಗುರುಗಳಿಗೆ ತಾವೇ ಸಂಬಳ ಕೊಟ್ಟು, ಪಾಠಕ್ಕೆ ತಡವಾಗಿ ಬಂದವರಿಗೆ ದಂಡವನ್ನೂ ವಿಧಿಸುತ್ತಿದ್ದರು. (ಈ ಪದ್ಧತಿ ನಮ್ಮಲ್ಲಿಯೂ ಬರಲೆಂದು ನಾವು ಹೇಳುತ್ತಿಲ್ಲ, ಕೇಳುತ್ತಿರುವವರಲ್ಲಿ ಅಧ್ಯಾಪಕರೂ ಇರಬಹುದು.)

ಹೀಗೆ ಬಂದ ಪರದೇಶಿಗಳಿಗೆ ತಂಗಲು ಸ್ಥಳ ಸಾಲದಾಯಿತು. ಮನೆಯವರು ಮೇಲಂತಸ್ತನ್ನು ಬೀದಿಯ ಮೇಲಕ್ಕೆ ಚಾಚಿ, ಕೆಳಗೆ ಕಂಬಗಳನ್ನು ನಿಲ್ಲಿಸಿ, ಬಾಡಿಗೆಗೆ ಕೋಣೆಗಳನ್ನು ಸಂಪಾದಿಸಿಕೊಂಡರು. ಕಂಬಗಳ ನಡುವಣ ಮೊಗಸಾಲೆ ದಾರಿಹೋಕರ ಪಾಲಿಗೆ ಬಂದಿತು. 1288ರಲ್ಲಿ ನಗರದ ಆಡಳಿತವು ಹೊಸ ಮನೆಗಳಿಗೆಲ್ಲ ಇಂತಹ ಮೊಗಸಾಲೆ ಇರತಕ್ಕದ್ದೆಂದು ನಿಯಮಿಸಿತು. ನೆಲ ಮನೆಯವನದು, ನಡೆಯುವ ಹಕ್ಕು ಎಲ್ಲರದು. ಹಳೆಯ ಪಟ್ಟಣದೊಳಗೇ ಇವು ಸುಮಾರು 38 ಕಿಲೋಮೀಟರು ಉದ್ದವಾಗಿವೆ. 2021ರಲ್ಲಿ ಯುನೆಸ್ಕೋ ಸಂಸ್ಥೆಯು ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮಳೆಗಾಲದಲ್ಲಿ ಕೊಡೆಯಿಲ್ಲದೆ ಪಾಠಕ್ಕೆ ಹೋಗಿಬಂದ ಬಡ ವಿದ್ಯಾರ್ಥಿಗಳಾದ ನಮಗೆ ಈ ಗೌರವ ತಡವಾಗಿ ಬಂದುದೆಂದೇ ತೋರುವುದು.

ಇವುಗಳಲ್ಲೆಲ್ಲ ದೊಡ್ಡದು ಗುಡ್ಡದ ಮೇಲಿನ ಸಾನ್ ಲೂಕ ದೇವಾಲಯಕ್ಕೆ ಏರುವ ಸಾಲು. ಉದ್ದ ಸುಮಾರು 3.8 ಕಿಲೋಮೀಟರು, ಕಮಾನುಗಳು 666. 1433ರಲ್ಲಿ ಬಿಡದೆ ಸುರಿದ ಮಳೆ ನಿಲ್ಲಲೆಂದು ಮೇರಿಮಾತೆಯ ಚಿತ್ರವನ್ನು ಬೆಟ್ಟದಿಂದ ಊರಿಗೆ ಬಿಜಯಮಾಡಿಸಿದರಂತೆ. ಅಂದಿನಿಂದ ವರ್ಷಕ್ಕೊಮ್ಮೆ ಆ ಉತ್ಸವ ನಡೆದುಬಂದಿದೆ. ಉತ್ಸವಮೂರ್ತಿಯನ್ನು ಕಂಡು ಬೆಳೆದ ನಮಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಊರ ನಡುವೆ ಎರಡು ವಾಲುಗೋಪುರಗಳಿವೆ. ಎತ್ತರವಾದ ಅಸಿನೆಲ್ಲಿ ಗೋಪುರ 97 ಮೀಟರಿಗೂ ಮಿಗಿಲಾದುದು. ಪದವಿ ಪಡೆಯುವ ಮೊದಲು ಅದನ್ನು ಹತ್ತಿದ ವಿದ್ಯಾರ್ಥಿ ಎಂದಿಗೂ ಉತ್ತೀರ್ಣನಾಗನೆಂಬ ನಂಬಿಕೆಯುಂಟು. ನಾವು ಹತ್ತಲಿಲ್ಲ, ವಿಚಾರವಾದಿಗಳಾದರೂ ಪರೀಕ್ಷೆ ಹತ್ತಿರದಲ್ಲಿದ್ದಿತು. ಅದರ ಒತ್ತಿನ ಗರಿಸೆಂಡ ಗೋಪುರದ ವಾಲುವಿಕೆ ಅಪಾಯಕರವೆಂದು ಕಂಡು, 2023ರ ಅಕ್ಟೋಬರಿನಲ್ಲಿ ಸುತ್ತಲಿನ ಸ್ಥಳವನ್ನೆಲ್ಲ ಮುಚ್ಚಿದರು.

ಈ ಗೋಪುರಕ್ಕೂ ಊಟಕ್ಕೂ ಸಂಬಂಧವಿದೆಯೆಂದರೆ ಶ್ರೋತೃಗಳು ನಗಬಹುದು. ತಾಲ್ಯತೆಲ್ಲೆ ಎಂಬುದು ಆ ಊರಿನ ಹೆಮ್ಮೆಯ ಭಕ್ಷ್ಯ: ಮೊಟ್ಟೆ ಬೆರೆಸಿ ನಾದಿದ ಗೋಧಿಹಿಟ್ಟನ್ನು ಹಾಳೆಯಂತೆ ಲಟ್ಟಿಸಿ ಕತ್ತರಿಸಿದ ಪಟ್ಟಿ. ಬೆಂದ ಮೇಲೆ ಅದರ ಅಗಲ 8 ಮಿಲಿಮೀಟರು, ಅಂದರೆ ಅಸಿನೆಲ್ಲಿ ಗೋಪುರದ ಎತ್ತರದ 12,270ನೆಯ ಒಂದು ಪಾಲು, ಇರಬೇಕೆಂದು 1972ರಲ್ಲಿ ನಿರ್ಣಯಿಸಿ, ಚಿನ್ನದಲ್ಲಿ ಮಾಡಿದ ಮಾದರಿಯೊಂದನ್ನು ವಾಣಿಜ್ಯಮಂಡಲಿಯಲ್ಲಿ ಇರಿಸಿದ್ದಾರೆ. ಮಾಂಸದ ಸಾರನ್ನು ಸ್ಪಗೆಟ್ಟಿಯ ಮೇಲೆ ಸುರಿದು ಬೊಲೋನ್ಯದ ಹೆಸರಿನಲ್ಲಿ ಪ್ರಪಂಚವೆಲ್ಲ ತಿನ್ನುವ ತಿಂಡಿಯನ್ನು ಆ ಊರಿನವರು ತಮ್ಮದೆಂದು ಒಪ್ಪುವುದಿಲ್ಲ.

ಮಾಂಸವನ್ನೂ ಮೊಟ್ಟೆಯನ್ನೂ ಮುಟ್ಟದವನಿಗೆ ಇಂತಹ ಊರಿನಲ್ಲಿ ಏನು ಗತಿ? ಅಂಗಡಿಯ ಕ್ರೆಷೆಂತೀನ ನೋಡಲು ನಮ್ಮ ಪೂರಿಯ ತಮ್ಮನಂತಿದ್ದರೂ ಹಂದಿಯ ಕೊಬ್ಬಿನಲ್ಲಿ ಕರಿಯುವುದು ವಾಡಿಕೆ. ಶಾವಿಗೆಯಂತೆ ಒರಳಿನಿಂದ ಒತ್ತಿದ ಪಸ್ಸತೆಲ್ಲಿ ಮಾಂಸದ ತಿಳಿಸಾರಿನಲ್ಲಿ ತೇಲುವುದು. ಪಾರ್ಮಿಜ್ಯಾನೊ ಗಿಣ್ಣಿಗೂ ಹಾಲು ಒಡೆಸುವುದು ಕರುವಿನ ಜಠರದ ರಸದಿಂದಲೇ. ಕೊನೆಗೆ ನಮ್ಮನ್ನು ಕಾಪಾಡಿದುದು ದಕ್ಷಿಣ ಇಟಲಿಯ ಒಣ ಪಾಸ್ತ. ಅದು ಬರಿಯ ಗೋಧಿರವೆ ಮತ್ತು ನೀರು. ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳನ್ನು ಆಲಿವ್ ಎಣ್ಣೆಯಲ್ಲಿ ಬಾಡಿಸಿ ಅದಕ್ಕೆ ಬೆರೆಸಿದರೆ, ಒಗ್ಗರಣೆಯ ವಾಸನೆಗೆ ಮನೆಯ ನೆನಪಾಗದೆ ಇರದು.

ನಮ್ಮ ಮನೆಯೊಡತಿಗೆ ಇದು ಸಹಿಸದಾಯಿತು. ಬೊಲೋನ್ಯದಲ್ಲಿದ್ದುಕೊಂಡು ಅಂಗಡಿಯ ಒಣ ಪಾಸ್ತವೇ! ಆದರೆ ಆಕೆಯ ಕೈಹಿಟ್ಟಿಗೆ ಮೊಟ್ಟೆಯೇ ಜೀವ. ನೀರಿನಿಂದ ಕಲಸುವುದು ಆಕೆಯ ಕಣ್ಣಿಗೆ ಕೀಳು. ಆತಿಥ್ಯವನ್ನು ಒಲ್ಲೆವೆನ್ನುವ ಸಂಕಟ ನಮ್ಮದು, ಬಡಿಸಲಾರದ ಸಂಕಟ ಆಕೆಯದು. ಹಲವು ವಾರ ಇಬ್ಬರೂ ಆ ಮಾತನ್ನೇ ಎತ್ತಲಿಲ್ಲ. ಒಂದು ಭಾನುವಾರ ಆ ವೃದ್ಧೆ ಬಾಗಿಲು ಹಾಕಿಕೊಂಡು, ಮಾರುದ್ದದ ಲಟ್ಟಣಿಗೆಯಿಂದ ನೀರಿನ ಹಿಟ್ಟನ್ನೇ ಲಟ್ಟಿಸಿ, ಪಟ್ಟಿಗಳನ್ನು ಬೇಯಿಸಿ, ಬೆಣ್ಣೆ ಮತ್ತು ಸಾಲ್ವಿಯ ಸೊಪ್ಪಿನೊಡನೆ ನಮಗೆ ಬಡಿಸಿದರು. ನಾವು ಎರಡನೆಯ ಸಲ ಬಡಿಸಿಕೊಂಡೆವು. ಆಕೆ ಸಂತೋಷಪಟ್ಟು, ಮಾಡಿದ ವಿಧಾನವನ್ನು ಮಾತ್ರ ನೆರೆಯವರಿಗೆ ತಿಳಿಸಬೇಡಿರೆಂದು ಕೇಳಿಕೊಂಡರು.