ಉಮ್ಮನಿಗೆ ಮಾತ್ರ ತಿಳಿದ ಭಾಷೆ

(ಪುತ್ತೂರಿನಲ್ಲಿ ಮನೆ ಆರೈಕೆದಾರರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪವಿತ್ರ ಕುರ್‌ಆನಿನ 80ನೇ ಅಧ್ಯಾಯ 'ಅಬಸ'ದ ಹಿನ್ನೆಲೆಯನ್ನು ನೀವು ಬಲ್ಲಿರಿ. ಪ್ರವಾದಿವರ್ಯರು(ಸ) ಕುರೈಷ್ ಮುಖಂಡರೊಡನೆ ಮಾತುಕತೆಯಲ್ಲಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮು ಮಕ್ತೂಮ್(ರ) ಬಂದು ಪ್ರಶ್ನಿಸಿದರು. ಪ್ರವಾದಿಯವರ ಹುಬ್ಬು ಗಂಟಿಕ್ಕಿತು. ಅಲ್ಲಾಹನು ಅದನ್ನು ಆಕ್ಷೇಪಿಸಿದನು. ಇಲ್ಲೊಂದು ಸೂಕ್ಷ್ಮವಿದೆ. ಆ ಮುಖಭಾವವನ್ನು ಅಂಧ ಸಹಾಬಿ ಕಂಡಿರಲಾರರು. ಆದರೂ ಅದು ಲೆಕ್ಕಕ್ಕೆ ಬಂತು. ಅರ್ಥವಾಗದು ಎಂದುಕೊಂಡು ಹಾಸಿಗೆ ಹಿಡಿದವರ ಎದುರಿನಲ್ಲೇ ನಾವು ಆಡುವ ಮಾತುಗಳಿಗೂ ಲೆಕ್ಕವಿದೆ ಎಂದೇ ನಾನು ಇದರಿಂದ ಗ್ರಹಿಸುತ್ತೇನೆ.

ನಮ್ಮ ಆಸ್ಪತ್ರೆಗಳಲ್ಲಿ ನಡೆಯುವುದನ್ನು ನೋಡಿ. ವೈದ್ಯರು ಉಮ್ಮನನ್ನು ಕೇಳುತ್ತಾರೆ, ಉತ್ತರಿಸುವವನು ಮಗ. ಬ್ಯಾರಿಯಲ್ಲಿ ಹುಟ್ಟಿದ ನೋವು ಕನ್ನಡಕ್ಕೆ ದಾಟಿ, ಇಂಗ್ಲಿಷಿನಲ್ಲಿ ಚೀಟಿಗಿಳಿಯುವಾಗ ಅರ್ಧ ಸೋರಿಹೋಗಿರುತ್ತದೆ. ಮಗ ಗಲ್ಫಿನಲ್ಲಿದ್ದರೆ ಘಟ್ಟದ ಮೇಲಿನಿಂದ ಬಂದ ಹೋಮ್‌ನರ್ಸ್ ಊಹಿಸಿದ್ದೇ ರೋಗ. ಬ್ಯಾರಿಗೆ 2007ರಲ್ಲಿ ಅಕಾಡೆಮಿ ಬಂತು, ಸುಳ್ಯದ ಅರೆಭಾಷೆಗೆ 2011ರಲ್ಲಿ. ಸಮ್ಮೇಳನಗಳು ನಡೆಯಲಿ. ಆದರೆ ನೋವು, ಉಸಿರು, ಮಲಮೂತ್ರಗಳಿಗೆ ಈ ಭಾಷೆಗಳಲ್ಲಿರುವ ಪದಗಳ ಒಂದೇ ಒಂದು ಪುಟವನ್ನು ದಾದಿಯರ ಮೇಜಿಗೆ ತಲುಪಿಸಿದರೆ ಅದೂ ಭಾಷಾಸೇವೆಯೇ ಅಲ್ಲವೇ? ಹೆತ್ತವರ ಪಾಲನೆಯ 2007ರ ಕಾಯ್ದೆಯಡಿ ಸಹಾಯಕ ಆಯುಕ್ತರು ಮಗನಿಂದ ಜೀವನಾಂಶ ಕೊಡಿಸಬಲ್ಲರು. ಮಾತು ಕೊಡಿಸಲಾರರು.

ವೃದ್ಧರಿಗೆ ದುರ್ಬಲವಾದ ಧ್ವನಿಯಾದರೂ ಇದೆ. ಮಾತೇ ಬಾರದ ವಯಸ್ಕರ ಪಾಡೇನು? ಪುತ್ತೂರು, ಸುಳ್ಯ, ಕಡಬದಲ್ಲಿ ನಿಂತು ಈ ಪ್ರಶ್ನೆ ಕೇಳುವವರು ಎಂಡೋಸಲ್ಫಾನನ್ನು ಮರೆಯುವಂತಿಲ್ಲ. ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ವಿಷ ಸುರಿಯಿತು. ಸುಪ್ರೀಂ ಕೋರ್ಟು ದೇಶದಾದ್ಯಂತ ಇದಕ್ಕೆ ತಡೆ ಹಾಕಿದ್ದು 2011ರ ಮೇ 13ರಂದು. ಅಷ್ಟರಲ್ಲಿ ಒಂದು ತಲೆಮಾರು ಹುಟ್ಟಿ ಬೆಳೆದಾಗಿತ್ತು.

ನಾವು ಅವರನ್ನು ಇಂದಿಗೂ 'ಎಂಡೋ ಮಕ್ಕಳು' ಎನ್ನುತ್ತೇವೆ. 1990ರಲ್ಲಿ ಹುಟ್ಟಿದವರಿಗೆ ಈಗ ಮೂವತ್ತೈದರ ಆಸುಪಾಸು! ಮಗು ಎಂದುಬಿಟ್ಟರೆ ಅವರ ನಾಚಿಕೆಯನ್ನಾಗಲಿ, ಕೋಪವನ್ನಾಗಲಿ, ಇಷ್ಟಾನಿಷ್ಟವನ್ನಾಗಲಿ ವಿಚಾರಿಸುವ ಹೊಣೆ ತಪ್ಪುತ್ತದೆ. ನಮಗೆ ಅನುಕೂಲವಾದ ಪದವದು.

ಮಾತು ಬಾರದವರಿಗೆ ಭಾಷೆಯಿಲ್ಲವೆಂದು ಅರ್ಥವಲ್ಲ. ಒಬ್ಬನು ಕುತ್ತಿಗೆ ಹೊರಳಿಸಿದರೆ ಬಾಯಾರಿಕೆ. ಇನ್ನೊಬ್ಬಳು ಹಲ್ಲು ಕಡಿದರೆ ಹೊಟ್ಟೆನೋವು. ಬೇರೆಯವರು ಹಟವೆಂದು ಗದರಿಸುವುದನ್ನು ತಾಯಿ ಜ್ವರವೆಂದು ಗುರುತಿಸುತ್ತಾಳೆ. ಈ ನಿಘಂಟು ಎಲ್ಲಿಯೂ ಅಚ್ಚಾಗಿಲ್ಲ. ಅದು ಆಕೆಯ ತಲೆಯಲ್ಲಿ ಮಾತ್ರ ಇದೆ, ಮತ್ತು ಆಕೆಗೀಗ ಅರುವತ್ತು, ಎಪ್ಪತ್ತು. ಆಕೆ ಮರಣ ಹೊಂದಿದ ದಿನ ಅವಳ ಮಗ ಎರಡನೆಯ ಬಾರಿ ಮೂಕನಾಗುತ್ತಾನೆ.

ಮಾಸಾಶನ ಬಂತು. ಕೊಕ್ಕಡ, ಕೊಯಿಲಗಳಲ್ಲಿ ಎಂಡೋ ಪಾಲನಾ ಕೇಂದ್ರಗಳು ತೆರೆದವು. ಹೆತ್ತವರ ಕಾಲಾನಂತರಕ್ಕಾಗಿ ಶಾಶ್ವತ ಪುನರ್ವಸತಿ ಬೇಕೆಂಬ ಕೂಗೂ ಹಳೆಯದೇ. ಅದನ್ನು ಪ್ರತಿ ಸರಕಾರದ ಮುಂದೆಯೂ ಒತ್ತಾಯಿಸಬೇಕು. ಆದರೆ ನಿವಾಸಿಯ ಸನ್ನೆಯನ್ನರಿಯದ ಸಿಬ್ಬಂದಿಯಿದ್ದರೆ ಎಂಥ ಕಟ್ಟಡವೂ ಗೋದಾಮೇ.

ಆದ್ದರಿಂದ ಉಮ್ಮಂದಿರು ಬದುಕಿರುವಾಗಲೇ ಕೆಲಸ ಆರಂಭವಾಗಬೇಕು. ಜಮಾಅತ್ ಸಮಿತಿಗಳು ಇಂತಹ ಮನೆಗಳನ್ನು ಗುರುತಿಸಲಿ. ಮನೆ ಯಾವ ಧರ್ಮದವರದೆಂದು ಕೇಳುವುದು ಬೇಡ, ವಿಷ ಕೇಳಿರಲಿಲ್ಲ. ಪಿಯುಸಿ ಓದುವ ಹುಡುಗಿಯೊಬ್ಬಳು ತಾಯಿಯ ಬಳಿ ಕುಳಿತು ಆಕೆ ಹೇಳಿದಂತೆ ಬರೆದುಕೊಳ್ಳಲಿ: ಹಸಿವಿಗೆ ಯಾವ ಸದ್ದು, ಅಪಸ್ಮಾರದ ಮುನ್ಸೂಚನೆ ಯಾವುದು, ಯಾವ ಆಹಾರ ಗಂಟಲಲ್ಲಿ ಸಿಲುಕುತ್ತದೆ, ಯಾವ ಮಗ್ಗುಲಲ್ಲಿ ಮಲಗಿದರೆ ನಿದ್ದೆ. ಹೆಣ್ಣಾಗಿದ್ದರೆ ಸ್ನಾನ ಮಾಡಿಸುವವರು ಮಹಿಳೆಯರೇ ಆಗಬೇಕೆಂಬುದು ಮೊದಲ ಪುಟದಲ್ಲೇ ಇರಲಿ. ಎರಡು ಪ್ರತಿ ಮಾಡಿಸಿ. ಒಂದು ಹಾಸಿಗೆಯ ಪಕ್ಕದಲ್ಲಿರಲಿ, ಇನ್ನೊಂದನ್ನು ಊರಿನ ಆಶಾ ಕಾರ್ಯಕರ್ತೆಗೆ ಕೊಡಿ.