ಗುಡ್ಡಗಳು ದ್ವೀಪವಾದ ಊರಿನಲ್ಲಿ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಪ್ರವಾಸದ ಬಗ್ಗೆ ನಾಲ್ಕು ಮಾತು ಹೇಳಲು ಸೂಚಿಸಿದ್ದೀರಿ. ದ್ವೀಪಗಳ ಸುತ್ತಾಟ ಎಂದ ಕೂಡಲೇ ನಮ್ಮ ಮಕ್ಕಳಿಗೆ ಅಂಡಮಾನ್, ಮಾಲ್ಡೀವ್ಸ್ ನೆನಪಾಗುತ್ತವೆ. ಅಷ್ಟು ದೂರ ಹೋಗಲು ಹಣ ಬೇಕು. ನಾನು ಮತ್ತು ನನ್ನ ಸ್ನೇಹಿತ ಹೆಗಲಿಗೊಂದು ಚೀಲ ಹಾಕಿಕೊಂಡು, ಬಸ್ಸು ಸಿಕ್ಕಲ್ಲಿ ಬಸ್ಸು, ಇಲ್ಲದಲ್ಲಿ ಕಾಲ್ನಡಿಗೆ ಎಂದು ಹೊರಟು, ನಮ್ಮ ಮೂರು ತಾಲ್ಲೂಕುಗಳಲ್ಲೇ ದ್ವೀಪಗಳನ್ನು ನೋಡಿ ಬಂದೆವು.

ಹೊರಟದ್ದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಿಂದ. ಶರಾವತಿ ಹುಟ್ಟುವುದು ಅಲ್ಲಿ. ಹೊಸನಗರ ತಾಲ್ಲೂಕಿಗೆ ಬಂದಾಗ ಅದು ಹೊಳೆ. ಪಟಗುಪ್ಪ ಸೇತುವೆಯ ಮೇಲೆ ನಿಂತರೆ ಹಿನ್ನೀರು ಕಾಣುತ್ತದೆ. ಸಾಗರ ತಾಲ್ಲೂಕಿನಲ್ಲಿ ಕಣ್ಣು ಹಾಯಿಸಿದಷ್ಟೂ ನೀರು. ನಡುನಡುವೆ ಹಸಿರು ದ್ವೀಪಗಳು.

ಈ ದ್ವೀಪಗಳು ಸೃಷ್ಟಿಯಲ್ಲಿ ಇದ್ದವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅದರ ಗರಿಷ್ಠ ಮಟ್ಟ 1819 ಅಡಿ. ಕಣಿವೆಯ ಗದ್ದೆ, ಅಡಿಕೆ ತೋಟ, ಮನೆ, ರಸ್ತೆ ಎಲ್ಲವೂ ನೀರಿನಡಿಗೆ ಹೋದವು. ಗುಡ್ಡದ ನೆತ್ತಿಗಳು ಮಾತ್ರ ಉಳಿದು ದ್ವೀಪಗಳಾದವು. ಬೇಸಿಗೆಯಲ್ಲಿ ನೀರು ಇಳಿದಾಗ ಅಂದಿನ ಮರಗಳ ಬೊಡ್ಡೆಗಳು ಇಂದಿಗೂ ಕಾಣುತ್ತವೆ. ಮಡೆನೂರಿನ ಬಳಿ ಇದಕ್ಕಿಂತ ಹಳೆಯ ಹಿರೇಭಾಸ್ಕರ ಅಣೆಕಟ್ಟಿದೆ. ಜೋಗದ ಮೊದಲ ವಿದ್ಯುದಾಗಾರಕ್ಕಾಗಿ ಕಟ್ಟಿದ್ದು, 1948ರಲ್ಲಿ ಮುಗಿದದ್ದು. ಅದೂ ಮುಳುಗಿತು. ನೀರು ಬಹಳ ಕಡಿಮೆಯಾದ ವರ್ಷಗಳಲ್ಲಿ ಮಾತ್ರ ಅದು ತಲೆ ಎತ್ತುತ್ತದೆ. ಒಂದು ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ನುಂಗಿದ್ದನ್ನು ನೋಡಲು ಬೇರೆ ದೇಶಕ್ಕೆ ಹೋಗಬೇಕಿಲ್ಲ.

ಉರ್ದುವಿನಲ್ಲಿ ದ್ವೀಪಕ್ಕೆ ಜಝೀರಾ ಎನ್ನುತ್ತೇವೆ. ಮೂರು ಕಡೆ ನೀರಿದ್ದರೆ ಜಝೀರಾನುಮಾ, ಅಂದರೆ ದ್ವೀಪದಂತೆ ಕಾಣುವುದು. ತುಮರಿ ಭಾಗ ಅಂಥದ್ದು. ಒಂದು ಕಡೆ ಘಟ್ಟದ ಕಾಡಿನ ದಾರಿ ಇದೆ. ಆದರೆ ಸಾಗರಕ್ಕೆ ಬರಲು ಜನ ನಂಬಿದ್ದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಲಾಂಚನ್ನು. ನಮ್ಮಂತಹ ಪ್ರವಾಸಿಗರಿಗೆ ಲಾಂಚು ಒಂದು ಸಂತೋಷವಾಗಿತ್ತು; ಫೋಟೋ ತೆಗೆದುಕೊಂಡು ಇಳಿದು ಹೋಗುತ್ತಿದ್ದೆವು. ಅಲ್ಲಿಯವರಿಗೆ ಅದು ಗಡಿಯಾರವಾಗಿತ್ತು. ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದರೆ ಕಾಡುದಾರಿಯಲ್ಲಿ ಸುತ್ತು ಬಳಸಿ ಹೋಗಬೇಕಿತ್ತು. ಕಾಲೇಜು ಸಂಜೆ ತಡವಾಗಿ ಬಿಟ್ಟರೆ ಹೆಣ್ಣುಮಗಳು ಮನೆ ಸೇರುವುದು ಹೇಗೆ? ಇಂಥ ಪ್ರಶ್ನೆಗೆ ಉತ್ತರ ಸಿಗದ ಮನೆಗಳಲ್ಲಿ ಓದು ನಿಲ್ಲುತ್ತದೆ. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದದ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಅಣೆಕಟ್ಟಿಗೂ ಸೇತುವೆಗೂ ನಡುವೆ 61 ವರ್ಷ! ನಾಡಿಗೆ ಬೆಳಕು ಕೊಟ್ಟವರು ಒಂದು ರಸ್ತೆಗಾಗಿ ಕಾದ ಕಾಲ ಅದು. ಊರು ಬಿಟ್ಟು ಹೋದ ಕುಟುಂಬಗಳು ಭೂಮಿಯ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿವೆ. ಸಾಗರದ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಈ ನೋವನ್ನೇ ಬರೆದರು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ಪುಸ್ತಕ ಓದಿ ಆಮೇಲೆ ಹಿನ್ನೀರಿಗೆ ಹೋಗಿ. ನೀರು ಬೇರೆಯಾಗಿ ಕಾಣುತ್ತದೆ.

ಇದೇ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಮೊರಾಕ್ಕೊದ ಇಬ್ನ್ ಬತೂತಾ 1325ರಲ್ಲಿ, 21ನೇ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಟವರು, ಹೊನ್ನಾವರಕ್ಕೂ ಬಂದಿದ್ದರು. ಆಮೇಲೆ ಮಾಲ್ಡೀವ್ಸ್ ದ್ವೀಪಗಳಲ್ಲಿ ಖಾಜಿಯೂ ಆದರು. ಹೊನ್ನಾವರದಲ್ಲಿ ಅವರು ಎಣಿಸಿದ್ದೇನು ಗೊತ್ತೇ? ಶಾಲೆಗಳನ್ನು! ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಎಂದು ಬರೆದಿಟ್ಟರು. ಸುಮಾರು ಏಳು ನೂರು ವರ್ಷಗಳ ಹಿಂದೆ ನಮ್ಮ ನದಿಯ ಬಾಯಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದರೆಂದು ನಮಗೆ ಗೊತ್ತಾದದ್ದು ಒಬ್ಬ ಪ್ರಯಾಣಿಕ ಕಣ್ಣು ತೆರೆದು ನೋಡಿದ್ದರಿಂದ. ಸಫರ್ ಎಂದರೆ ಅದು.

ಆದ್ದರಿಂದ ವಿದ್ಯಾರ್ಥಿಗಳೇ, ರಜೆಯಲ್ಲಿ ಒಬ್ಬ ಒಳ್ಳೆಯ ಸ್ನೇಹಿತನೊಡನೆ ಹೊರಡಿ. ಹೆಣ್ಣುಮಕ್ಕಳಿಗೂ ಅವಕಾಶ ಕೊಡಿ ಎಂದು ಪೋಷಕರಲ್ಲಿ ನನ್ನ ವಿನಂತಿ. ಶಿಕ್ಷಕಿಯರು ಜೊತೆಗಿದ್ದು ಕರೆದೊಯ್ಯಲಿ. ಚೀಲದಲ್ಲಿ ಎರಡು ಜೊತೆ ಬಟ್ಟೆ, ನೀರು, ಟಾರ್ಚು, ಒಂದು ನೋಟ್ ಪುಸ್ತಕ ಸಾಕು. ಹಿನ್ನೀರಿನ ಆಳ ಮೇಲಿನಿಂದ ತಿಳಿಯುವುದಿಲ್ಲ. ತಳದಲ್ಲಿ ಕೆಸರೂ ಬೊಡ್ಡೆಗಳೂ ಇವೆ. ಈಜಲು ಇಳಿಯಬೇಡಿ. ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಬೇಡಿ. ಅಭಯಾರಣ್ಯದ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಪ್ಲಾಸ್ಟಿಕ್ ಅಲ್ಲಿ ಬಿಟ್ಟು ಬರಬೇಡಿ. ಮುಖ್ಯವಾಗಿ, ಅಲ್ಲಿನ ಹಿರಿಯರ ಪಕ್ಕ ಕುಳಿತು "ಅಜ್ಜಾ, ನಿಮ್ಮ ಹಳೆಯ ಮನೆ ಎಲ್ಲಿತ್ತು?" ಎಂದು ಕೇಳಿ. ಅವರು ನೀರಿನ ಕಡೆ ಕೈ ತೋರಿಸುತ್ತಾರೆ. ಅವರು ಹೇಳಿದ್ದನ್ನು ಬರೆದುಕೊಳ್ಳಿ. ಮುಳುಗಡೆಯನ್ನು ಕಣ್ಣಾರೆ ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮುಂದಿನ ವರ್ಷದ ಸಂಚಿಕೆಯಲ್ಲಿ ನಿಮ್ಮ ಆ ಬರಹಗಳು ಬರಲಿ ಎಂದು ಹಾರೈಸುತ್ತೇನೆ.