ಅಜ್ಜಿಯ ಗೆಳತಿಯರು
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಶಾಂತಿ ಇರಲಿ.



ಪ್ರವಾದಿಯವರ(ಸ) ಮದೀನಾದ ಮನೆಯಲ್ಲಿ ಆಡು ಕೊಯ್ದಾಗ, ಅದರ ಮಾಂಸದ ಒಂದು ಪಾಲು ಹಝ್ರತ್ ಖದೀಜಾ(ರ)ರ ಗೆಳತಿಯರ ಮನೆಗಳಿಗೆ ಹೋಗುತ್ತಿತ್ತು. ಖದೀಜಾ(ರ) ಆಗ ಬದುಕಿರಲಿಲ್ಲ. ಹಿಜ್‌ರಾಕ್ಕೆ ಸುಮಾರು 3 ವರ್ಷ ಮೊದಲೇ ಮಕ್ಕಾದಲ್ಲಿ ತೀರಿಕೊಂಡಿದ್ದರು. ಇದನ್ನು ನಮಗೆ ತಿಳಿಸಿಕೊಟ್ಟವರು ಹಝ್ರತ್ ಆಯಿಶಾ(ರ). ಕಣ್ಣಾರೆ ಕಾಣದ ಖದೀಜಾರ ಮೇಲೆ ತನಗಿದ್ದಷ್ಟು ಮತ್ಸರ ಪ್ರವಾದಿಯವರ ಬೇರಾವ ಪತ್ನಿಯ ಮೇಲೂ ಇರಲಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದವರೂ ಅವರೇ. ಒಮ್ಮೆ ಖದೀಜಾರ ಸಹೋದರಿ ಹಾಲಾ(ರ) ಬಾಗಿಲಲ್ಲಿ ನಿಂತು ಒಳಬರಲು ಅನುಮತಿ ಕೇಳಿದರು. ಖದೀಜಾ ಕೇಳುತ್ತಿದ್ದ ಅದೇ ರೀತಿ. ಪ್ರವಾದಿಯವರ(ಸ) ಮನಸ್ಸು ಕಲಕಿಹೋಯಿತು.

ಅಗಲಿದವರ ನೆನಪು ಎಂದರೆ ನಮಗೆ ಸಾಮಾನ್ಯವಾಗಿ ಮಾತು, ಇಲ್ಲವೇ ಕಣ್ಣೀರು. ಪ್ರವಾದಿಯವರ(ಸ) ಮನೆಯಲ್ಲಿ ಆ ನೆನಪು ಮಾಂಸವಾಗಿ ಇನ್ನೊಂದು ಮನೆಯ ಬಾಗಿಲಿಗೆ ಹೋಗುತ್ತಿತ್ತು.

ನನ್ನ ಅಜ್ಜಿಯ ವಿಷಯ ಸ್ವಲ್ಪ ಹೇಳುತ್ತೇನೆ. ನಮ್ಮ ಕರಾವಳಿಯ ನೂರಾರು ಅಜ್ಜಿಯಂದಿರಂತೆ ಅವರೂ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ ಇಟ್ಟು ಕೂತರೆಂದರೆ ಕತ್ತರಿ, ಎಲೆ, ಹೊಗೆಸೊಪ್ಪು, ನೂಲು. ಕೈ ಅದರ ಪಾಡಿಗೆ ಓಡುತ್ತಿತ್ತು, ಬಾಯಲ್ಲಿ ಸಣ್ಣ ಸೂರಾಗಳು. ನನಗೂ ನೆರೆಮನೆಯ ಮಕ್ಕಳಿಗೂ ಫಾತಿಹಾ ಬಾಯಿಪಾಠ ಆದದ್ದು ಮದ್ರಸಕ್ಕೆ ಸೇರುವ ಮೊದಲೇ, ಆ ಜಗಲಿಯಲ್ಲಿ. ತಪ್ಪಾಗಿ ಓದಿದರೆ ತಲೆ ಎತ್ತದೆಯೇ ‘ಹ್ಞೂಂ?’ ಎನ್ನುತ್ತಿದ್ದರು. ಅಷ್ಟರಲ್ಲೇ ನಮಗೆ ಗೊತ್ತಾಗುತ್ತಿತ್ತು. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುವರು. ಅದು ಬೇಡಿ ಬಂದವರದ್ದು. ಮನೆಯಲ್ಲಿ ಅಕ್ಕಿ ಕಡಿಮೆಯಿದ್ದ ದಿನವೂ ಆ ಡಬ್ಬಕ್ಕೆ ಕೈ ಹಾಕಲು ಬಿಡುತ್ತಿರಲಿಲ್ಲ.

ಆದರೆ ಇಂದು ಹೇಳಬೇಕೆಂದಿರುವುದು ಆ ಜಗಲಿಯ ಉಳಿದವರ ಬಗ್ಗೆ. ಅಜ್ಜಿ ಅಲ್ಲಿ ಒಂಟಿಯಾಗಿ ಕೂರುತ್ತಿರಲಿಲ್ಲ. ಮೂರು ನಾಲ್ಕು ಹೆಂಗಸರು ತಮ್ಮ ತಮ್ಮ ತಡ್ಪೆ ಹಿಡಿದು ಬರುತ್ತಿದ್ದರು. ಸೊಸೆಯ ದೂರು, ಮಗಳ ಹೆರಿಗೆ, ಗಲ್ಫ್‌ನಿಂದ ಬಾರದ ಕಾಗದ, ಎಲ್ಲವೂ ಅಲ್ಲೇ. ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸೂ ಬುಟ್ಟಿ ಇಳಿಸಿ, ಎಲೆ ಅಡಿಕೆ ಹಾಕಿಕೊಂಡು ಅರ್ಧ ಗಂಟೆ ಕೂತೇ ಹೋಗುತ್ತಿದ್ದಳು. ಅಜ್ಜಿ ತೀರಿಕೊಂಡ ದಿನ ನಮ್ಮನ್ನು ಸಂತೈಸಲು ಊರೇ ಬಂತು. ಆ ಗೆಳತಿಯರನ್ನು ಸಂತೈಸಲು ಯಾರೂ ಹೋಗಲಿಲ್ಲ, ಏಕೆಂದರೆ ಅವರು ಸಂಬಂಧಿಕರಲ್ಲ. ಐವತ್ತು ವರ್ಷ ಪಕ್ಕದಲ್ಲಿ ಕೂತವರಿಗೆ ನಮ್ಮ ಲೆಕ್ಕದಲ್ಲಿ ದುಃಖವೇ ಇಲ್ಲ! ನನ್ನ ತಾಯಿ ಮಾತ್ರ ಪ್ರತಿ ಈದ್‌ಗೆ ಆ ಮನೆಗಳಿಗೆ ತುಪ್ಪದನ್ನ ಕಳುಹಿಸುತ್ತಾ ಬಂದರು. ಪಾತ್ರೆ ಹೊತ್ತು ಹೋಗುವ ಕೆಲಸ ನನ್ನದು. ಒಳಗೆ ಕರೆದು ಕೂರಿಸಿ ಅವರು ಹೇಳಿದ ಅಜ್ಜಿಯ ಕತೆಗಳನ್ನು ನಮ್ಮ ಮನೆಯವರೇ ಕೇಳಿರಲಿಲ್ಲ.

ಹಝ್ರತ್ ಅಬ್ದುಲ್ಲಾ ಇಬ್ನ್ ಉಮರ್(ರ) ಮಕ್ಕಾದ ದಾರಿಯಲ್ಲಿ ಒಬ್ಬ ಹಳ್ಳಿಗನನ್ನು ಕಂಡು ತನ್ನ ಕತ್ತೆಯನ್ನೂ ತಲೆಯ ಪೇಟವನ್ನೂ ಕೊಟ್ಟುಬಿಟ್ಟರು. ಇಂಥವರಿಗೆ ಸ್ವಲ್ಪ ಕೊಟ್ಟರೂ ಸಾಕಿತ್ತಲ್ಲ ಎಂದರು ಜೊತೆಗಿದ್ದವರು. ಆತನ ತಂದೆ ನನ್ನ ತಂದೆ ಉಮರ್‌ರ(ರ) ಗೆಳೆಯರಾಗಿದ್ದರು ಎಂದು ಇಬ್ನ್ ಉಮರ್ ಉತ್ತರಿಸಿದರು. ತಂದೆಯ ಪ್ರೀತಿಪಾತ್ರರೊಂದಿಗೆ ಸಂಬಂಧ ಉಳಿಸಿಕೊಳ್ಳುವುದನ್ನು ಬಹು ದೊಡ್ಡ ಪುಣ್ಯವಾಗಿ ಪ್ರವಾದಿ(ಸ) ಕಲಿಸಿದ್ದನ್ನೂ ನೆನಪಿಸಿದರು. ಗಮನಿಸಿ, ಗೆಳೆತನ ತಂದೆಯವರದ್ದು, ಪಡೆದವನು ಗೆಳೆಯನ ಮಗ. ಹೀಗಿರುವಾಗ ಅಜ್ಜಿಯ ಗೆಳತಿ ನಮಗೆ ದೂರದವರಾಗುವುದು ಹೇಗೆ?

ಇನ್ನೊಂದು ಮಾತು. ಕೆಲವರಿಗೆ ಕಹಿಯೆನಿಸಬಹುದು. ಅಜ್ಜಿ ತೀರಿಕೊಂಡ ನಲ್ವತ್ತು ದಿನದೊಳಗೆ ಅವರ ಬಳೆ, ಕಿವಿಯ ಅಲಿಕತ್ತು ‘ನೆನಪಿಗಾಗಿ’ ಎಂದು ಯಾರದೋ ಕಪಾಟು ಸೇರಿರುತ್ತದೆ. ನೆನಪು ಒಳ್ಳೆಯದೇ. ಆದರೆ ಅಜ್ಜಿಯ ಉಸಿರು ನಿಂತ ಗಳಿಗೆಯಿಂದ ಆ ಚಿನ್ನ ವಾರೀಸುದಾರರದ್ದು. ಬಿಟ್ಟುಹೋದ ಸೊತ್ತು ಸ್ವಲ್ಪವಿರಲಿ, ಬಹಳವಿರಲಿ, ಗಂಡಸರಂತೆ ಹೆಂಗಸರಿಗೂ ಅದರಲ್ಲಿ ಪಾಲಿದೆಯೆಂದು ಸೂರಾ ಅನ್ನಿಸಾದ 7ನೇ ಸೂಕ್ತ ತಿಳಿಸುತ್ತದೆ. ಎಲ್ಲ ವಾರೀಸುದಾರರೂ ಮನಸಾರೆ ಒಪ್ಪಿ ಒಬ್ಬರಿಗೆ ಬಿಟ್ಟುಕೊಟ್ಟರೆ ಅದು ಬೇರೆ. ದೂರದ ಊರಿಗೆ ಮದುವೆಯಾಗಿ ಹೋದ ಮಗಳು ‘ಅಣ್ಣಂದಿರ ಹತ್ತಿರ ಹೇಗೆ ಕೇಳಲಿ’ ಎಂದು ಸುಮ್ಮನಿದ್ದರೆ ಅದು ಒಪ್ಪಿಗೆಯಲ್ಲ.

ಪಾಲು ಮಾಡುವ ಮೊದಲು ಸಾಲ ತೀರಬೇಕು. ಜನಾಝಾ ತಂದಾಗ ಮೃತರಿಗೆ ಸಾಲವಿದೆಯೇ ಎಂದು ಪ್ರವಾದಿ(ಸ) ಕೇಳುತ್ತಿದ್ದರು. ಒಮ್ಮೆ ಅಬೂ ಕತಾದಾ(ರ) ಆ ಸಾಲ ನನ್ನ ಮೇಲಿರಲಿ ಎಂದ ಮೇಲೆಯೇ ನಮಾಝ್ ನಿರ್ವಹಿಸಿದರು. ನಮ್ಮ ಅಜ್ಜಿಯಂದಿರ ಸಾಲ ಯಾವ ಬ್ಯಾಂಕಿನ ಪುಸ್ತಕದಲ್ಲೂ ಇರುವುದಿಲ್ಲ. ಔಷಧಿಗೆಂದು ಪಡೆದ ಇನ್ನೂರು ರೂಪಾಯಿ, ಚೀಟಿಯ ಬಾಕಿ ಕಂತು, ಮೊಮ್ಮಗಳ ಮದುವೆಗೆ ತಂದ ಒಂದು ಉಂಗುರ. ಇದೆಲ್ಲ ಗೊತ್ತಿರುವುದು ಜಗಲಿಯಲ್ಲಿ ಜೊತೆಗೆ ಕೂತವರಿಗೆ ಮಾತ್ರ. ಹೋಗಿ ವಿಚಾರಿಸಿ. ಏನೂ ಇಲ್ಲ ಮಗಾ ಎಂದೇ ಅವರು ಮೊದಲು ಹೇಳುವುದು. ಕೂತು, ಚಾ ಕುಡಿದು, ಮತ್ತೊಮ್ಮೆ ಕೇಳಿ.

ಅಲ್ಲಾಹನು ನಮ್ಮನ್ನು ಅಗಲಿದ ಅಜ್ಜಿಯಂದಿರ ಕಬರನ್ನು ವಿಶಾಲಗೊಳಿಸಲಿ, ಅವರ ಗೆಳತಿಯರಿಗೆ ಆರೋಗ್ಯ ಕೊಡಲಿ. ಆಮೀನ್.